ಹಬ್ಬಕ್ಕೆ ರವಿವಾರ ಯಾಕ್ರೀ ಬೇಕು?

2025ರ ಮಾರ್ಚ್ ಕೊನೆಯ ಶನಿವಾರ. ಮರುದಿನ ಗುಡಿ ಪಾಡವಾ. ಎಂಟು ವರ್ಷದ ಮೊಮ್ಮಗಳು ನಮ್ಮ ಕೋಥರೂಡದ ಮನೆಗೆ ಬಂದಿದ್ದಳು. ಅಡಿಗೆಮನೆಯಲ್ಲಿ ತೂಗುಹಾಕಿದ ಕಾಲನಿರ್ಣಯ ನೋಡುತ್ತ, “ಅಜ್ಜಾ, ನಾಳೆ ಮರಾಠಿ ಮಂದಿ ಹೊಸ ವರ್ಷ. ನಮ್ಮ ಉಗಾದಿ ಏಪ್ರಿಲ್ ಇಪ್ಪತ್ತಕ್ಕ, ಹೌದಲ್ಲ?” ಅಂದಳು. ನಾನು ನಕ್ಕು, “ಇಲ್ಲವ್ವಾ, ಎರಡೂ ಒಂದ ದಿನ” ಅಂದೆ. ಆಕೆ ಒಪ್ಪಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ನಮ್ಮ ಕನ್ನಡ ಬಳಗದ ಆಮಂತ್ರಣ ಕಿತ್ತು ತಂದು ತೋರಿಸಿದಳು. ‘ಯುಗಾದಿ ಸಂಭ್ರಮ, ರವಿವಾರ, ಏಪ್ರಿಲ್ 20.’ ಇಂಗ್ಲಿಷ್ ಅಕ್ಷರದಲ್ಲಿತ್ತು, ಅದಕ್ಕೇ ಓದಲಿಕ್ಕೆ ಬಂತು. ಕೆಳಗೆ ಖಜಾಂಚಿ ಎಂದು ನನ್ನ ಹೆಸರಿತ್ತು.

ಹುಡುಗಿಯ ತಪ್ಪೇನು ಹೇಳಿ? ಬುದ್ಧಿ ತಿಳಿದಾಗಿನಿಂದ ಆಕೆ ನೋಡಿದ್ದೇ ಅದು. ಪಾಡವಾದ ದಿನ ಪಕ್ಕದ ಮನೆಯವರ ಗ್ಯಾಲರಿಯಲ್ಲಿ ಗುಡಿ ಏರುತ್ತದೆ. ಎರಡು ಮೂರು ವಾರ ಬಿಟ್ಟು ಯಾವುದೋ ಹಾಲ್‌ನಲ್ಲಿ ‘ಉಗಾದಿ’ ಆಗುತ್ತದೆ. ಅಲ್ಲಿ ಆರ್ಕೆಸ್ಟ್ರಾ, ಫ್ಯಾನ್ಸಿ ಡ್ರೆಸ್, ಜಾಹೀರಾತು ಕೊಟ್ಟ ಬಿಲ್ಡರನ ಭಾಷಣ, ಊಟದ ಕೂಪನ್ನು. ಬೇವು-ಬೆಲ್ಲವೂ ಇರುತ್ತದೆ, ಸ್ವಾಗತದ ಮೇಜಿನ ಮೇಲೆ, ಪ್ಲಾಸ್ಟಿಕ್ ಕಪ್ಪಿನಲ್ಲಿ. ಮಗನ ಮನೆ ವಾಕಡದಲ್ಲಿ. ಹಬ್ಬದ ದಿನ ಬಾರೋ ಅಂದರೆ, “ಹೆಂಗೂ ಬಳಗದ ಪ್ರೋಗ್ರಾಮಿನಾಗ ಸಿಗತೀವಲ್ಲಪ್ಪಾ” ಅನ್ನುತ್ತಿದ್ದ. ನನ್ನ ತಕರಾರು ಇಷ್ಟೇ: ರವಿವಾರದ ಕಾರ್ಯಕ್ರಮ ಹಬ್ಬದ ದಿನಕ್ಕೆ ‘ಬಾಕಿ ಚುಕ್ತಾ’ ಎಂಬ ರಸೀದಿ ಕೊಟ್ಟುಬಿಡುತ್ತದೆ. ರಸೀದಿ ಸಿಕ್ಕ ಮೇಲೆ ಹಣ ಕಟ್ಟುವವರು ಯಾರು?

ರಜೆ ಇಲ್ಲ ಎಂದು ಹೇಳಬೇಡಿ. ದಿಲ್ಲಿಯ ಕನ್ನಡಿಗ ಹೇಳಲಿ, ಅಮೆರಿಕದಲ್ಲಿರುವವರು ಹೇಳಲಿ, ಕೇಳುತ್ತೇನೆ. ಪುಣೆಯವರು ಹೇಳುವಂತಿಲ್ಲ. ಚೈತ್ರ ಶುದ್ಧ ಪಾಡ್ಯ ಇಲ್ಲಿ ಸರಕಾರಿ ರಜೆ, ಬ್ಯಾಂಕಿಗೂ ರಜೆ. ನಮ್ಮದೂ ಅವರದೂ ಒಂದೇ ಶಾಲಿವಾಹನ ಶಕೆ, ಒಂದೇ ಸಂವತ್ಸರದ ಹೆಸರು. 2025ರಲ್ಲಿ ಇಬ್ಬರಿಗೂ ಶಕೆ 1947, ವಿಶ್ವಾವಸು. ಅವರೂ ಬೇವಿನ ಎಲೆಗೆ ಬೆಲ್ಲ ಕೂಡಿಸಿ ತಿನ್ನುತ್ತಾರೆ. ಪರ ಊರಲ್ಲಿದ್ದೂ ಇಡೀ ಊರು ನಮ್ಮ ಹಬ್ಬಕ್ಕೆ ಅಂಗಡಿ ಮುಚ್ಚುವ ಭಾಗ್ಯ ಎಷ್ಟು ಮಂದಿಗುಂಟು?

ರವಿವಾರವೇ ಬೇಕು ಅನ್ನುವುದೂ ನೆಪವೇ. 2025ರ ಯುಗಾದಿ ಬಂದದ್ದು ಮಾರ್ಚ್ 30ಕ್ಕೆ, ಖುದ್ದು ರವಿವಾರವೇ! ಪಂಚಾಂಗವೇ ಬಂದು ನಮ್ಮ ಕಾಲಿಗೆ ಬಿದ್ದ ಹಾಗಾಯಿತು. ಆಗಲೂ ನಾವು ಬಗ್ಗಲಿಲ್ಲ. ಆ ದಿನ ಹಾಲ್ ಬಾಡಿಗೆ ಜಾಸ್ತಿ, ಮುಖ್ಯ ಅತಿಥಿಗಳಿಗೆ ಬೇರೆ ಕಡೆ ಕಾರ್ಯಕ್ರಮ. ಹಾಗಾಗಿ ಮೂರು ರವಿವಾರ ಆಚೆಗೆ ತಳ್ಳಿದೆವು. ಬ್ಯಾನರಿನಲ್ಲಿ ‘ಮಹಿಳಾ ದಿನ, ಯುಗಾದಿ ಮತ್ತು ಬಸವ ಜಯಂತಿ ಸಂಯುಕ್ತ ಆಚರಣೆ’ ಎಂದು ಬರೆಸಿದೆವು. ಲೆಕ್ಕ ಹಾಕಿ ನೋಡಿ. ಏಪ್ರಿಲ್ 20ಕ್ಕೆ ಮಹಿಳಾ ದಿನ ಮುಗಿದು 43 ದಿನ, ಯುಗಾದಿ ಮುಗಿದು 21 ದಿನ, ಬಸವ ಜಯಂತಿಗೆ ಇನ್ನೂ 10 ದಿನ ಬಾಕಿ. ಯಾವ ಖಾತೆಗೂ ಸೇರದ ಮೊತ್ತವನ್ನು ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟಿಗೆ ಹಾಕಿಡುತ್ತೇವೆ. ಆಡಿಟರ್ ಬಂದು ಮೊದಲು ಕೇಳುವುದೇ ಅದನ್ನು. ನಮ್ಮ ಬ್ಯಾನರ್ ಅಂಥದೊಂದು ಸಸ್ಪೆನ್ಸ್ ಅಕೌಂಟು, ಕೇಳುವ ಆಡಿಟರ್ ಮಾತ್ರ ಇಲ್ಲ.

ನಮಗೆ ತಾರೀಖಿನ ಬೆಲೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಮೂರೂವರೆ ಮುಹೂರ್ತಗಳಲ್ಲಿ ಪಾಡವಾ ಒಂದು. ಹೊಸ ಕಾರಿನ ಕೀಲಿ ಅವತ್ತೇ ಕೈಗೆ ಬರಬೇಕು ಎಂದು ಶೋರೂಮಿನಲ್ಲಿ ಜಗಳಾಡುವವರು ನಮ್ಮ ಬಳಗದಲ್ಲೇ ಇದ್ದಾರೆ. ಬಂಗಾರವೂ ಅವತ್ತೇ ಆಗಬೇಕು. ಬೇವಿಗೆ ಮಾತ್ರ ಏಪ್ರಿಲ್ 20 ನಡೆಯುತ್ತದೆ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂತು. ಅದು ವಿಶ್ವಸಂಸ್ಥೆ ಜಾಗತಿಕ ಜಲ ದಿನವೆಂದು 1993ರಿಂದ ನಡೆಸುತ್ತ ಬಂದ ದಿನ. ನಮ್ಮ ಸೊಸೈಟಿಯ ಮಕ್ಕಳು ಮುಂಜಾನೆ ಎಂಟಕ್ಕೆ ಸರಿಯಾಗಿ ‘ನೀರು ಉಳಿಸಿ’ ಎಂದು ಮೆರವಣಿಗೆ ಹೊರಟರು. ಬುಧವಾರ ಬೇಡ, ರವಿವಾರ ಇಡೋಣ ಎಂದು ಒಬ್ಬರೂ ಅನ್ನಲಿಲ್ಲ. ಜಲ ದಿನ ಬೇಡವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಕೊಟ್ಟ ಮರ್ಯಾದೆ ನಮ್ಮ ಅಜ್ಜಂದಿರ ದಿನಕ್ಕೂ ಕೊಡಿ ಅನ್ನುತ್ತೇನೆ.

ಊರವರನ್ನಾದರೂ ನೋಡಿ ಕಲಿಯಬಾರದೇ? ಏಪ್ರಿಲ್ 11ಕ್ಕೆ ಜ್ಯೋತಿಬಾ ಫುಲೆಯವರ ಜಯಂತಿ. ಗಂಜ್ ಪೇಟೆಯ ಫುಲೆ ವಾಡೆಗೆ ಮಂದಿ ಅವತ್ತೇ ಹೋಗುತ್ತಾರೆ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ. 13ರ ಮಧ್ಯರಾತ್ರಿಯನ್ನೇ ಕಾಯುತ್ತ ನಿಲ್ಲುವ ಜನರನ್ನು ನಾನು ಕಂಡಿದ್ದೇನೆ. ಮರುದಿನ ಕೂಲಿ ತಪ್ಪಿದರೂ ಅವರಿಗೆ ಚಿಂತೆಯಿಲ್ಲ. ಶಿವಾಜಿ ಮಹಾರಾಜರ ಜಯಂತಿಗೆ ಸರಕಾರದ ತಾರೀಖು ಫೆಬ್ರವರಿ 19. ತಿಥಿಯೇ ಸರಿ ಅನ್ನುವವರು ಫಾಲ್ಗುಣ ವದ್ಯ ತೃತೀಯಾಕ್ಕೆ ಮಾಡುತ್ತಾರೆ. ವರ್ಷಾ ಅದೇ ವಾದ. ಎರಡೂ ಬಿಟ್ಟು ಅನುಕೂಲದ ರವಿವಾರ ಹುಡುಕೋಣ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಪಿಂಪ್ರಿಯ ಸಿಂಧಿಗಳನ್ನು ನೋಡಿ. 1947ರಲ್ಲಿ ಮನೆಮಠ ಬಿಟ್ಟು ಬಂದವರು, ಸಿಂಧ್ ಅವರ ಪಾಲಿಗೆ ಪರದೇಶ. ಚೈತ್ರದ ಚಂದ್ರ ಕಾಣುವ ಚೇಟಿಚಂಡಕ್ಕೆ ಝೂಲೇಲಾಲನ ಮೆರವಣಿಗೆ ತೆಗೆಯುತ್ತಾರೆ. ಹೋಗಲಿಕ್ಕೆ ಊರೇ ಇಲ್ಲದವರು ದಿನವನ್ನು ಬಿಟ್ಟಿಲ್ಲ. ರಾತ್ರಿ ಬಸ್ಸು ಹತ್ತಿದರೆ ಮುಂಜಾನೆ ಹುಬ್ಬಳ್ಳಿ ಕಾಣುವ ನಾವು ಬಿಟ್ಟೆವು!

ಎದುರಿನ ವಾದ ನನಗೆ ಗೊತ್ತು. ಹಡಪಸರದಿಂದ ನಿಗಡಿಯವರೆಗೆ ಚದುರಿದ ಮಂದಿ, ಹಬ್ಬದ ದಿನ ಮನೆ ಬಿಟ್ಟು ಹೇಗೆ ಬರಬೇಕು? ಹಿಂಜವಡಿಯ ಪೀಜಿಗಳಲ್ಲಿರುವ ಹುಡುಗ ಹುಡುಗಿಯರಿಗೆ ವರ್ಷಕ್ಕೊಮ್ಮೆ ಹೋಳಿಗೆ ಊಟ ಸಿಗುವುದೇ ಆ ರವಿವಾರ. ನಿಜ. ಒಂದು ಕಡೆ ಸೇರಲೇಬೇಕು, ಇಲ್ಲದಿದ್ದರೆ ನಾವು ಒಬ್ಬರಿಗೊಬ್ಬರು ಗುರುತೂ ಸಿಗುವುದಿಲ್ಲ. ಅದಕ್ಕೆ ವಸಂತ ಮೇಳ ಅನ್ನಿ, ಸ್ನೇಹಕೂಟ ಅನ್ನಿ, ನಾನೇ ನಿಂತು ಕೂಪನ್ ಹರಿಯುತ್ತೇನೆ. ಯುಗಾದಿ ಎಂದು ಮಾತ್ರ ಅನ್ನಬೇಡಿ. ಮಕ್ಕಳು ನಂಬುತ್ತವೆ.

“ಬ್ಯಾಂಕಿನವರಿಗೆ ತಾರೀಖಿನ ಹುಚ್ಚು ಬಿಡ್ರಿ” ಎಂದು ಕಮಿಟಿಯಲ್ಲಿ ನಕ್ಕರು. ಇರಬಹುದು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿ, ಪುಣೆಗೆ ವರ್ಗವಾಗಿ ಬಂದು ಮೂವತ್ತು ವರ್ಷ ದಾಟಿತು. ಮಾರ್ಚ್ 31ರ ವೋಚರನ್ನು ಮುಂದಿನ ರವಿವಾರ ಹಾಕೋಣ ಎಂದು ಯಾವ ಮ್ಯಾನೇಜರೂ ಹೇಳಿದ್ದು ಕೇಳಿಲ್ಲ. 2014ರಲ್ಲಿ ಯುಗಾದಿಯೂ ಮಾರ್ಚ್ 31ಕ್ಕೇ ಬಂತು. ರಜೆ ಇದ್ದರೂ ಕ್ಲೋಸಿಂಗಿಗಾಗಿ ನಾನು ಬ್ರಾಂಚಿನಲ್ಲಿದ್ದೆ. ಆವತ್ತು ನಸುಕಿನಲ್ಲೇ ನನ್ನ ಹೆಂಡತಿ ಬೇವಿನ ಹೂ, ಹುಣಸೆ, ಬೆಲ್ಲ, ಮಾವಿನಕಾಯಿ, ಪುಟಾಣಿ ಕಲಸಿ ಬೇವು ಮಾಡಿ, ಒಂದು ಲೋಟ ಕುಡಿಸಿಯೇ ಕಳಿಸಿದಳು. ಎರಡು ನಿಮಿಷದ ಕೆಲಸ. ಹಾಲ್ ಬೇಕಾಗಲಿಲ್ಲ, ಅತಿಥಿ ಬೇಕಾಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದರೂ ಹಬ್ಬ ಆಗಿತ್ತು.

ನನ್ನ ಸೂಚನೆ ಸರಳ. ನಾಲ್ಕು ಕನ್ನಡ ಮನೆಗಳಿರುವ ಪ್ರತಿ ಸೊಸೈಟಿಯಲ್ಲಿ ಪಾಡವಾದ ಮುಂಜಾನೆ ಏಳರಿಂದ ಒಂಬತ್ತು ಒಂದು ಮನೆಯ ಬಾಗಿಲು ತೆರೆದಿರಲಿ. ಒಂದು ಪಾತ್ರೆ ಬೇವು, ಒಂದು ಪಂಚಾಂಗ, ಓದಲಿಕ್ಕೆ ಒಬ್ಬ ಹಿರಿಯ. ಗುಡಿ ಏರಿಸಿದ ನೆರೆಯವರನ್ನೂ ಕರೆಯಿರಿ, ಅವರ ಶ್ರೀಖಂಡವೂ ಬರುತ್ತದೆ. ಪೀಜಿಯ ಹುಡುಗರಿಗೆ ಮೊದಲೇ ಫೋನ್ ಮಾಡಿ ಹೇಳಿರಿ. ಖರ್ಚಿನ ಹೆದರಿಕೆ ಬೇಡ, ನಾಲ್ಕು ಮನೆಯ ಡಬ್ಬಿಗಳಲ್ಲಿ ಬೆಲ್ಲ ಇದ್ದೇ ಇರುತ್ತದೆ.

ಈ ಸೂಚನೆ ಕಮಿಟಿಯಲ್ಲಿ ಬಿತ್ತು. ನನ್ನ ಪರ ಮೂರು ಕೈ ಎದ್ದವು, ಅದರಲ್ಲಿ ಒಂದು ನನ್ನದೇ. ಖಜಾಂಚಿಗಿರಿಗೆ ರಾಜೀನಾಮೆ ಕೊಟ್ಟು, ಲೆಕ್ಕ ಒಪ್ಪಿಸಿ ಬಂದೆ. ಕೋಥರೂಡದ ನಮ್ಮ ಮನೆಯ ಬಾಗಿಲು ಪ್ರತಿ ಪಾಡವಾಕ್ಕೂ ಏಳಕ್ಕೆ ತೆರೆದಿರುತ್ತದೆ. ಬರುವವರು ಬರ್ರಿ. ಮೊಮ್ಮಗಳಿಗೆ ತಾರೀಖು ತಿದ್ದಿ ಹೇಳಿ ಆಗಿದೆ.