ಗೃಹಕೈಗಾರಿಕೆ: ತಾಮ್ರದ ಎರಕ

ಮನೆಯ ಹಿತ್ತಲಿನಲ್ಲಿ ತಾಮ್ರವನ್ನು ಕರಗಿಸಿ ಎರಕ ಹೊಯ್ಯುವ ಬಗೆಯನ್ನು ತಿಳಿಸಬೇಕೆಂದು ಬೇತಮಂಗಲದ ಕಡೆಯ ವಾಚಕರೊಬ್ಬರು ನಮ್ಮನ್ನು ಕೇಳಿರುವರು. ಪಾಲಾರಿನ ಆ ಕೆರೆಯ ನೀರು ಬಹುಕಾಲ ಕೋಲಾರದ ಚಿನ್ನದ ಗಣಿಗಳಿಗೆ ಒದಗುತ್ತಿದ್ದುದು ಸರ್ವವಿದಿತ. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಚಿನ್ನವನ್ನು ಕರಗಿಸಿ ಗಟ್ಟಿಗಳಾಗಿ ಹೊಯ್ಯುತ್ತಿದ್ದರು. ಚಿನ್ನವನ್ನೇ ಕರಗಿಸಿದ ಸೀಮೆಯವರಿಗೆ ತಾಮ್ರವೇನು ಮಹಾ ಎಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಚಿನ್ನವು 1064 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಅಚ್ಚಿನೊಳಗೆ ಸರಾಗವಾಗಿ ಹರಿಯಬೇಕಾದರೆ ಇನ್ನೂ ನೂರು ಡಿಗ್ರಿಯಷ್ಟು ಹೆಚ್ಚು ಬೇಕು.

ಅಡಿಗೆಯ ಒಲೆಯಿಂದ ಇದು ಸಾಧ್ಯವಲ್ಲ. ಬೆಂಕಿಮಣ್ಣನ್ನು ಒಳಗೆ ಮೆತ್ತಿದ ಕುಲುಮೆ, ಒಣಗಿದ ಇದ್ದಿಲು, ಎಡೆಬಿಡದೆ ಗಾಳಿಯೂದುವ ತಿದಿ ಇರತಕ್ಕದ್ದು. ಮೂಸೆಯು ಕಪ್ಪುಸೀಸ ಬೆರೆತ ಜೇಡಿಮಣ್ಣಿನದಾಗಿರಲಿ. ಅದನ್ನು ಮೊದಲು ಬರಿದಾಗಿಯೇ ಮೆಲ್ಲಮೆಲ್ಲನೆ ಕಾಯಿಸಿ ತೇವವನ್ನೆಲ್ಲ ಕಳೆಯಬೇಕು. ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ನೂರು ಮಿಲಿಲೀಟರು ಹಿಡಿಸುವ ಪುಟ್ಟ ಬಟ್ಟಲಿನಷ್ಟು ತಾಮ್ರವೇ ಸುಮಾರು 900 ಗ್ರಾಂ ತೂಗುವುದಾದ್ದರಿಂದ, ಇಕ್ಕುಳದ ಹಿಡಿತವನ್ನು ಮೊದಲೇ ಪರೀಕ್ಷಿಸತಕ್ಕದ್ದು.

ಕರಗಿದ ತಾಮ್ರಕ್ಕೆ ಒಂದು ದುರ್ಗುಣವುಂಟು. ಅದು ಗಾಳಿಯಲ್ಲಿನ ಆಮ್ಲಜನಕವನ್ನೂ ತೇವದಲ್ಲಿನ ಜಲಜನಕವನ್ನೂ ಹೀರಿಕೊಳ್ಳುವುದು. ಗಟ್ಟಿಯಾಗುವಾಗ ಇವು ಹೊರಬೀಳಲೆಳಸಿ ಎರಕವನ್ನು ಜೇನುಹುಟ್ಟಿನಂತೆ ತೂತುಮಾಡುವುವು. ಇದಕ್ಕಾಗಿಯೇ ಮೂಸೆಯ ಮೇಲೆ ಒಣ ಇದ್ದಿಲಪುಡಿಯನ್ನು ಹೊದಿಸಿ, ಚಿಟಿಕೆ ಬಿಳಿಗಾರವನ್ನು ಹಾಕುವುದು. ಕರಗಿದ ಮೇಲೆ ಹೊತ್ತುಗಳೆಯದೆ ಹೊಯ್ಯುವುದು. ಲೋಹವು ತಣಿದಂತೆ ಕುಗ್ಗುವುದರಿಂದ ಅಚ್ಚಿನ ಬಾಯಲ್ಲಿ ತುಸು ಹೆಚ್ಚಾಗಿಯೇ ನಿಲ್ಲಿಸಬೇಕು. ಶುದ್ಧ ತಾಮ್ರವನ್ನು ಬಿಟ್ಟು ಹತ್ತರಲ್ಲೊಂದು ಪಾಲು ತವರ ಬೆರೆತ ಕಂಚನ್ನು ಹಿಂದಿನವರು ಆರಿಸಿಕೊಂಡುದರ ಮರ್ಮವೂ ಇದೇ: ಅದು ಕಡಿಮೆ ಕಾವಿನಲ್ಲಿ ಕರಗಿ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ.

ಈ ಕೆಲಸದಲ್ಲಿ ಬೆಂಕಿಗಿಂತಲೂ ನೀರಿಗೆ ಹೆಚ್ಚು ಅಂಜಬೇಕು. ನೀರು ಆವಿಯಾದಾಗ ಸಾವಿರದ ಆರುನೂರು ಪಾಲಿಗೂ ಮಿಕ್ಕು ಹಿಗ್ಗುವುದು. ಹಸಿ ಅಚ್ಚಿನಲ್ಲಿ ನಾಲ್ಕು ಹನಿಯಿದ್ದರೂ ಕಾದ ಲೋಹವು ಸಿಡಿದು ಮುಖದ ಮೇಲೆರಗುವುದು. ಆದುದರಿಂದ ಅಚ್ಚು, ಇಕ್ಕುಳ, ಮೂಸೆಗೆ ಹಾಕುವ ಚೂರು, ಎಲ್ಲವೂ ಬಿಸಿಯೇರಿ ಒಣಗಿರತಕ್ಕವು. ಸಿಮೆಂಟಿನ ನೆಲದ ಮೇಲೆ ಹೊಯ್ಯಬಾರದು. ಅದರೊಳಗಿನ ತೇವದಿಂದ ನೆಲವೇ ಸಿಡಿಯಬಹುದು. ಒಣಮರಳನ್ನು ಹಾಸಿ ಅದರ ಮೇಲೆ ಕೆಲಸ ಮಾಡಬೇಕು. ನೈಲಾನು ಬಟ್ಟೆ, ಜೋಲುವ ಸೆರಗು, ಬರಿಗಾಲು ಕೂಡದು. ಹತ್ತಿಯ ಉಡುಪು, ಚರ್ಮದ ಪಾದರಕ್ಷೆ, ಮುಖಕ್ಕೆ ಮರೆ ಅವಶ್ಯ. ಮಕ್ಕಳು ಹತ್ತಿರ ಸುಳಿಯಬಾರದು.

ಹೊಗೆಯ ವಿಷಯದಲ್ಲಿಯೂ ಎಚ್ಚರವಿರಲಿ. ಇದ್ದಿಲಿನ ಬೆಂಕಿಯಿಂದ ಕಣ್ಣಿಗೂ ಮೂಗಿಗೂ ಗೋಚರಿಸದ ವಿಷವಾಯು ಹೊರಡುವುದರಿಂದ ಬಯಲಿನಲ್ಲೇ ಕುಲುಮೆಯನ್ನು ಹೂಡಬೇಕು. ಹಳೆಯ ಹಂಡೆಯ ಬಳೆಯೋ ಕಿವಿಯೋ ಹಿತ್ತಾಳೆಯದಾಗಿದ್ದರೆ ತೆಗೆದುಬಿಡಿ. ಹಿತ್ತಾಳೆಯಲ್ಲಿನ ಸತುವು 907 ಡಿಗ್ರಿಯಲ್ಲೇ ಕುದಿದು ಬಿಳಿಹೊಗೆಯಾಗುವುದು, ಅದನ್ನು ಸೇವಿಸಿದವರಿಗೆ ಚಳಿಜ್ವರ ಬರುವುದು. ವಿದ್ಯುತ್ತಂತಿಯ ಹೊದಿಕೆಯನ್ನು ಸುಟ್ಟು ತಾಮ್ರವನ್ನು ತೆಗೆಯುವ ಅಭ್ಯಾಸವು ಇದಕ್ಕಿಂತಲೂ ಕೆಟ್ಟದು. ಹೊದಿಕೆಯನ್ನು ಚಾಕುವಿನಿಂದ ಸುಲಿಯುವುದೇ ಯೋಗ್ಯ.

ಹಾಗಾದರೆ ಹೊಸಬನು ಎಲ್ಲಿಂದ ಆರಂಭಿಸಬೇಕು? ತವರದಿಂದ. ಅದು 232 ಡಿಗ್ರಿಯಲ್ಲೇ ಕರಗುತ್ತದೆ. ಸೀಸದಂತೆ ವಿಷವೂ ಅಲ್ಲ. ಅಚ್ಚನ್ನು ಕಾಯಿಸುವ, ತಡೆಯದೆ ಹೊಯ್ಯುವ ಹದವು ಅದರಿಂದಲೇ ಕೈಗೆ ಹತ್ತುವುದು. ಮುಂದೆ ತಣ್ಣಗಿನ ಬರಿಯ ಮೂಸೆಯನ್ನು ಹಿಡಿದು, ಕುಲುಮೆಯಿಂದ ಅಚ್ಚಿನವರೆಗೆ ಹತ್ತು ಬಾರಿ ನಡೆದು ನೋಡಲಿ. ಆಮೇಲೆ, ನಾಗಮಂಗಲದಂತಹ ಊರುಗಳಲ್ಲಿ ಈ ವಿದ್ಯೆಯನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದ ಕುಶಲಿಗಳೊಬ್ಬರ ಬಳಿ ನಿಂತು ಒಂದು ಎರಕವನ್ನಾದರೂ ಕಣ್ಣಾರೆ ನೋಡಿ, ಬಳಿಕ ತಾಮ್ರಕ್ಕೆ ಕೈಯಿಡಲಿ. ಎರಕ ಕೆಟ್ಟರೆ ಮತ್ತೆ ಕರಗಿಸಬಹುದು. ಕಣ್ಣು ಕೆಟ್ಟರೆ ಮರಳಿ ಬಾರದು.