ಪೆಟ್ಟಿಗೆಯ ಮೇಲಿನ ಚಿತ್ರ
ಪೆಟ್ಟಿಗೆಯ ಮೇಲಿನ ಚಿತ್ರದಂತೆಯೇ ಜೋಡಿಸಬೇಕೆಂದು ಯಾವ ಶಾಸ್ತ್ರದಲ್ಲಿದೆ, ಹೇಳಿ? ಜಯನಗರದ ನಮ್ಮ ಮನೆಯಲ್ಲಿ ಮಗಳು ಎರಡು ವ್ಯೋಮನೌಕೆ ಕಿಟ್‌ಗಳ ಬಿಡಿಭಾಗ ಬೆರೆಸಿ ಮೂರನೆಯದೊಂದನ್ನು ಅಂಟಿಸಿದಳು. ‘ದುಡ್ಡು ದಂಡ’ ಎಂದರು ಬಂಧುಗಳು. ಹುಡುಗನಾಗಿದ್ದರೆ ‘ಇಂಜಿನಿಯರ್ ತಲೆ’ ಎನ್ನುತ್ತಿದ್ದರು!

1977ರ ‘ಸ್ಟಾರ್ ವಾರ್ಸ್’ ಸಿನಿಮಾದ ನೌಕೆಗಳ ಮೈಗೆ ಅಂಟಿಸಿದ್ದು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಕಿಟ್ ಚೂರುಗಳನ್ನೇ. ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ನಮ್ಮ ಆರ್ಯಭಟ 1975ರಲ್ಲಿ ಮೇಲೇರಿದ್ದೂ ಸೋವಿಯತ್ ರಾಕೆಟ್ಟಿನಲ್ಲಿ. ಹಳೆ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿದ, ರಾತ್ರಿ ಉಳಿದ ಅನ್ನವನ್ನು ಬೆಳಗ್ಗೆ ಚಿತ್ರಾನ್ನ ಮಾಡಿದ ನಾವೇ ಬೆರಕೆಯನ್ನು ಹಳಿದರೆ ಹೇಗೆ?

ಚಿತ್ರ ನೋಡಿ ಜೋಡಿಸುವುದೂ ಕೈಗೆ ಪಾಠವೇ, ಒಪ್ಪೋಣ. ಆದರೆ ಹೆಣ್ಣುಮಕ್ಕಳಿಗೆ ಬದುಕಿನುದ್ದಕ್ಕೂ ಯಾರೋ ಬರೆದ ಚಿತ್ರವನ್ನೇ ಕೊಟ್ಟದ್ದು ಸಾಕು. ಇನ್ನು ಅಂಟು ಕೊಡಿ, ಕತ್ತರಿ ಕೊಡಿ.