ಕಾಯಕಕ್ಕೆ ಹಾಜರಿ ಪುಸ್ತಕ ಇರಲಿಲ್ಲ



ಬಸವ ಜಯಂತಿಯ ವೇದಿಕೆಗಳಲ್ಲಿ ಈಚೆಗೆ ಒಂದು ಮಾತು ರೂಢಿಯಾಗಿದೆ. "ಈಗಿನ ಹುಡುಗರಿಗೆ ಮನೆಯಿಂದಲೇ ಕೆಲಸ ಬೇಕು, ತಮಗೆ ಒಗ್ಗುವ ಹೊತ್ತಿನಲ್ಲಿ ಕೆಲಸ ಬೇಕು, ವಾರಕ್ಕೆರಡು ದಿನ ರಜೆ ಬೇಕು. ಇವರಿಗೆಲ್ಲಿಯ ಕಾಯಕ ನಿಷ್ಠೆ?" ಎಂದು ಭಾಷಣಕಾರರು ಕೇಳುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಈ ಚಪ್ಪಾಳೆ ಯಾರಿಗೆ ಅನುಕೂಲ ಎಂದು ಒಮ್ಮೆಯಾದರೂ ಯೋಚಿಸಿದ್ದೇವೆಯೇ?

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಸುದ್ದಿಯಾಯಿತು. 2023ರಲ್ಲೇ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ ಮಿತಿಯನ್ನು 48 ಗಂಟೆಗೇ ಉಳಿಸಿದರೂ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಚಾಚಲು ದಾರಿ ಮಾಡಿಕೊಟ್ಟಿತು. 2024ರಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಗೆ ಎಳೆಯುವ ಪ್ರಸ್ತಾಪ ಬಂದಾಗ ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಬಂಡವಾಳ ಹೀಗೆ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಬೇಡಿಕೆಗೆ ನಮ್ಮ ವೇದಿಕೆಯಿಂದ 'ಕಾಯಕ' ಎಂಬ ಪದದ ಮೊಹರು ಒತ್ತಿಕೊಡುವುದು ಶರಣರಿಗೆ ಬಗೆಯುವ ದ್ರೋಹ.

ನುಲಿಯ ಚಂದಯ್ಯನವರ ಕಥೆಯನ್ನು ಈ ಭಾಷಣಕಾರರು ತಪ್ಪದೆ ಹೇಳುತ್ತಾರೆ. ಇಷ್ಟಲಿಂಗ ಕಳಚಿ ನೀರಿಗೆ ಬಿದ್ದರೂ ಚಂದಯ್ಯನವರು ಕಾಯಕ ನಿಲ್ಲಿಸಲಿಲ್ಲವಂತೆ. ಸರಿ. ಆದರೆ ಹುಲ್ಲು ಕೊಯ್ದವರು, ಹಗ್ಗ ಹೊಸೆದವರು, ಬಂದ ಹಣದಲ್ಲಿ ದಾಸೋಹ ಮಾಡಿದವರು ಎಲ್ಲರೂ ಅವರೇ. ಅವರ ಮೇಲೆ ಧಣಿಯಿರಲಿಲ್ಲ. ಅವರ ಬೆವರನ್ನು ಲಾಭವಾಗಿ ಎಣಿಸಿಕೊಳ್ಳುವವನು ಇರಲಿಲ್ಲ. ಧಣಿಯಿಲ್ಲದ ಕಾಯಕದ ಕಥೆಯನ್ನು ಧಣಿಯ ಪರವಾಗಿ ಹೇಳುವುದು ಎಂಥ ನ್ಯಾಯ?

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನೇಕೆ ಇವರು ಇದೇ ಉತ್ಸಾಹದಿಂದ ಹೇಳುವುದಿಲ್ಲ? ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ತಿದ್ದಿದವರು ಆ ತಾಯಿ. ಕಾಯಕಕ್ಕೆ ಮಿತಿಯಿದೆ, ಮಿತಿ ಮೀರಿದ್ದು ಆಸೆ ಎಂಬುದೇ ಆ ಪಾಠ. 90 ಗಂಟೆ ಕೇಳುವವರಿಗೆ ಲಕ್ಕಮ್ಮನವರ ಮುಂದೆ ನಿಲ್ಲುವ ಮುಖವಿದೆಯೇ?

ಇನ್ನೊಂದನ್ನು ಯೋಚಿಸಿ. ಹಗ್ಗ ಹೊಸೆಯುವವರು, ನೂಲು ತೆಗೆಯುವವರು, ಭತ್ತ ಕುಟ್ಟುವವರು ಅನುಭವ ಮಂಟಪದಲ್ಲಿ ಕುಳಿತು ಚಿಂತಿಸಿದರು. 30ಕ್ಕೂ ಹೆಚ್ಚು ಶರಣೆಯರು ವಚನಗಳನ್ನು ಕೊಟ್ಟರು. ದಿನವೆಲ್ಲ ದುಡಿಮೆಗೇ ಹೋಗಿದ್ದರೆ ಇದು ಆಗುತ್ತಿತ್ತೇ? ಬಸವಣ್ಣನವರೂ ಬಿಜ್ಜಳನ ಬಳಿ ಭಂಡಾರಿಯಾಗಿದ್ದವರೇ. ಆದರೆ ಅರಮನೆಯು ತಮ್ಮ ಮಹಾಮನೆಯನ್ನು ನುಂಗಲು ಅವರು ಬಿಡಲಿಲ್ಲ. ಇಂದು ಬೆಂಗಳೂರಿನ ರಿಂಗ್ ರಸ್ತೆಯಲ್ಲಿ ಹೋಗಿ ಬರಲು ಮೂರು ಗಂಟೆ ಕಳೆಯುವ ಮಗಳು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕೂರುವುದು ಯಾವಾಗ? ವಾರದಲ್ಲಿ ಎರಡು ದಿನ ಮನೆಯಿಂದ ದುಡಿಯುತ್ತೇನೆ ಎಂದರೆ ಅವಳು ಸೋಮಾರಿಯೇ?

ಹಾಗೆಂದು ಹೊಸ ವ್ಯವಸ್ಥೆಗಳೆಲ್ಲ ಒಳ್ಳೆಯವು ಎಂದು ನಂಬಿ ಮೋಸಹೋಗಬಾರದು. ಊಟ ತಲುಪಿಸುವ ಹುಡುಗನಿಗೆ "ನಿನ್ನ ಸಮಯ ನಿನ್ನದೇ" ಎಂದು ಕಂಪನಿ ಹೇಳುತ್ತದೆ. ಆದರೆ ಯಾವ ಆರ್ಡರ್, ಎಷ್ಟು ಹಣ ಎಂಬುದನ್ನೆಲ್ಲ ಆ್ಯಪ್ ನಿರ್ಧರಿಸುತ್ತದೆ. ಇಂಥವರಿಗಾಗಿ ಕರ್ನಾಟಕ 2025ರಲ್ಲಿ ಕಾನೂನು ಮಾಡಿ, ಕಲ್ಯಾಣ ಮಂಡಳಿ ಮತ್ತು ಪ್ರತಿ ವಹಿವಾಟಿನ ಮೇಲೆ ಕಲ್ಯಾಣ ಶುಲ್ಕದ ಏರ್ಪಾಡು ಮಾಡಿರುವುದು ಸ್ವಾಗತಾರ್ಹ. ಮನೆಯಿಂದ ಕೆಲಸ ಎಂದರೆ ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತಬೇಕು ಎಂದಾದರೆ ಅದೂ ಬಂಧನವೇ. ಸಮಯದ ಮೇಲೆ ದುಡಿಯುವವರಿಗೆ ಹಕ್ಕಿದ್ದರೆ ಮಾತ್ರ ಅದು ಸ್ವಾತಂತ್ರ್ಯ.

ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 6ರಿಂದ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಕೆಲಸದ ಸಮಯ ಮತ್ತು ಸ್ಥಳವನ್ನು ಬದಲಿಸಿಕೊಡಿ ಎಂದು ಕೇಳುವ ಹಕ್ಕು ನೌಕರರಿಗಿದೆ. ಮಾಲೀಕರು ಎರಡು ತಿಂಗಳೊಳಗೆ ತೀರ್ಮಾನ ತಿಳಿಸಬೇಕು. ಇಲ್ಲ ಎನ್ನುವುದಾದರೆ ಕಾನೂನು ಒಪ್ಪುವ ಕಾರಣವಿರಬೇಕು. ನಮ್ಮಲ್ಲೂ 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು, 26 ವಾರಗಳ ರಜೆ, 50 ಅಥವಾ ಹೆಚ್ಚು ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ, ಕೆಲಸದ ಸ್ವರೂಪಕ್ಕೆ ಹೊಂದಿದರೆ ಪರಸ್ಪರ ಒಪ್ಪಿಗೆಯಿಂದ ಮನೆಯಿಂದ ಕೆಲಸ, ಇವೆಲ್ಲ ಸೇರಿದವು.

ಈಗ ಕಹಿಯಾದ ಪ್ರಶ್ನೆಗೆ ಬರೋಣ. ನಮ್ಮ ಮಠಗಳ ಹೆಸರಿನಲ್ಲಿ ನಡೆಯುವ ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಎಷ್ಟು ಕಡೆ ಶಿಶುಪಾಲನಾ ಕೇಂದ್ರವಿದೆ? ಬಾಣಂತನ ಮುಗಿಸಿ ಬಂದ ಶಿಕ್ಷಕಿ ಒಂದು ಗಂಟೆ ತಡವಾಗಿ ಬರುತ್ತೇನೆಂದು ಕೇಳಿದರೆ ಸಿಗುವ ಉತ್ತರವೇನು? ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಆದೇಶ ಕಳಿಸುವ ಆಡಳಿತ ಮಂಡಳಿಗಳು ಎಷ್ಟು? ನಸುಕಿನಲ್ಲಿ ಎದ್ದು ದಾಸೋಹದ ಒಲೆ ಹೊತ್ತಿಸುವವರಿಗೆ ವಾರದ ರಜೆಯಿದೆಯೇ? ಅವರ ದುಡಿಮೆಯನ್ನು 'ಸೇವೆ' ಎಂದು ಕರೆದು ಸಂಬಳ ಕಡಿಮೆ ಕೊಡುವುದು ದಾಸೋಹವಲ್ಲ, ಶೋಷಣೆ.

ಆದ್ದರಿಂದ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ನೌಕರರು ಸಮಯ ಬದಲಿಸಿಕೊಡಿ ಎಂದು ಕೇಳಿದರೆ ನಿಗದಿತ ದಿನಗಳಲ್ಲಿ, ಕಾರಣ ಸಹಿತ, ಲಿಖಿತ ಉತ್ತರ ಕೊಡಬೇಕು. ಚಿಕ್ಕ ಮಕ್ಕಳ ತಾಯಂದಿರಿಗೆ, ವೃದ್ಧ ತಂದೆತಾಯಿಯರನ್ನು ನೋಡಿಕೊಳ್ಳುವವರಿಗೆ ಸಮಯ ಹೊಂದಿಸಿಕೊಡಬೇಕು. ಅಡುಗೆಯವರು, ಕಸ ಗುಡಿಸುವವರು, ಬಸ್ ಚಾಲಕರು, ಕಾವಲುಗಾರರು ಮನೆಯಿಂದ ದುಡಿಯಲಾರರು. ಅವರಿಗೆ ಪಾಳಿ, ನಿಗದಿತ ಅವಧಿ, ವಾರದ ರಜೆ ಕಡ್ಡಾಯವಾಗಿ ಸಿಗಬೇಕು. ಕಂಪ್ಯೂಟರಿನ ಮುಂದೆ ಕೂರುವವರಿಗೆ ಮಾತ್ರ ಸೌಲಭ್ಯ ಕೊಟ್ಟು ಪೊರಕೆ ಹಿಡಿದವರನ್ನು ಮರೆತರೆ, ಕಾಯಕದಲ್ಲಿ ಮೇಲು ಕೀಳನ್ನು ನಾವೇ ಮತ್ತೆ ಹುಟ್ಟಿಸಿದಂತೆ.

ದುಡಿಯುವವರಿಗೂ ಒಂದು ಮಾತು. ಯಾರೂ ನೋಡದ ಕೋಣೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಸತ್ಯಶುದ್ಧತೆಯೇ ಮೇಲ್ವಿಚಾರಕ. ಒಬ್ಬರ ಸಂಬಳದ ಹೊತ್ತಿನಲ್ಲಿ ಇನ್ನೊಬ್ಬರ ಕೆಲಸ ಮಾಡುವವರು ಕಾಯಕದ ಹೆಸರೆತ್ತಬಾರದು. ಶರಣರು ಹಾಜರಿ ಪುಸ್ತಕ ಇಟ್ಟಿರಲಿಲ್ಲ, ಅಂತಃಸಾಕ್ಷಿಯನ್ನು ಇಟ್ಟುಕೊಂಡಿದ್ದರು.

ಬರುವ ಬಸವ ಜಯಂತಿಗೆ ಯುವಕರನ್ನು ಬೈಯುವ ಭಾಷಣ ಬೇಡ. ಅದರ ಬದಲು ಒಂದೊಂದು ಸಂಸ್ಥೆಯೂ ತನ್ನ ನೌಕರರಿಗೆ ಏನು ಮಾಡಿದೆ ಎಂದು ವೇದಿಕೆಯ ಮೇಲೆ ಓದಿ ಹೇಳಲಿ. ಆಗ ಮನಸಾರೆ ಚಪ್ಪಾಳೆ ತಟ್ಟೋಣ.